ಅಚ್ಚಾಗದ ನಾಣ್ಯ

ಜನವರಿ ೯

ಪ್ರೀತಿಯ ಗುಬ್ಬಿ,

ತಲೆಗೂದಲು ನೆರೆಯುತ್ತಿರುವ ನಾಣ್ಯದಂಗಡಿ ಯಜಮಾನಿಯನ್ನು ಇನ್ನೂ ಗುಬ್ಬಿ ಅಂತ ಕರೆಯುವುದು ಸರಿಯಲ್ಲ ಎಂದು ಕಳೆದ ಪತ್ರದಲ್ಲಿ ನೀನು ಮುನಿಸಿಕೊಂಡಿದ್ದೆ. ಏನು ಮಾಡಲಿ, ನಿಮ್ಮಪ್ಪ ನಿನ್ನನ್ನು ಮೊದಲ ಸಲ ನನ್ನ ಕೈಗೆ ಕೊಟ್ಟಾಗ ನೀನು ಅಷ್ಟೇ ಇದ್ದೆ. ಆಮೇಲೆ ಬೆಳೆದದ್ದು ನಿನ್ನ ತಪ್ಪು.

ನಾನು ಗಟ್ಟಿಯಾಗಿದ್ದೇನೆ. ಎಡಗಣ್ಣು ಮಾತ್ರ ಮಧ್ಯಾಹ್ನ ಕಳೆಯುತ್ತಿದ್ದಂತೆ ಬಾಗಿಲು ಹಾಕಿಕೊಳ್ಳುತ್ತದೆ. ಹಾಗಾಗಿ ಕೊರೆಯುವ ಕೆಲಸವೆಲ್ಲ ಬೆಳಗ್ಗೆ, ಕಿಟಕಿಯ ಪಕ್ಕದಲ್ಲೇ. ಕೆಳಗಿನ ಗುಂಡಿ ಕಾರ್ಖಾನೆ ಮುಚ್ಚಿದ ಮೇಲೆ ಬೀದಿಯಲ್ಲಿ ಸದ್ದಿಲ್ಲ. ಕೋಟಿನ ಗುಂಡಿಗೆ, ಸಾಬೂನಿನ ಬಿಲ್ಲೆಗೆ, ಶಾಲೆಯ ಪದಕಗಳಿಗೆ ಅಚ್ಚು ಕೊರೆದು ಕೊರೆದು ಸವೆದ ಈ ಕೈಗೆ ನೀನೊಬ್ಬಳು ಕೆಲಸ ಕೊಡದಿದ್ದರೆ ನಾನು ಕಿಟಕಿಯಿಂದ ಬೆಕ್ಕುಗಳನ್ನು ಎಣಿಸುತ್ತ ಕೂರಬೇಕಾಗಿತ್ತು.

ನೀನು ಕೇಳಿದ ಹೊಸ ನಾಣ್ಯದ ಅಚ್ಚು ಮುಗಿಯಿತು. ಹಿತ್ತಾಳೆಯಲ್ಲಿ ಒತ್ತಿದ ಮಾದರಿಯನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಒಂದು ಮುಖದಲ್ಲಿ ಉಪ್ಪಿನ ರಾಶಿ, ಅದರ ತುದಿಯಲ್ಲಿ ಕೂತ ಕಡಲಹಕ್ಕಿ. ಇನ್ನೊಂದರಲ್ಲಿ ಬಿಚ್ಚಿದ ಅಂಗೈ. ಅಂಗೈಯ ಗೆರೆಗಳಿಗೆ ನನ್ನ ಕೈಯನ್ನೇ ನೋಡಿಕೊಂಡೆ. ಉಪ್ಪಿನ ಊರಿಗೆ ನನ್ನ ಆಯುಷ್ಯರೇಖೆ ಬಂದಿದೆ.

ಇಲ್ಲಿಯವರೆಗೆ ನಿನಗೆ ಮಾಡಿಕೊಟ್ಟದ್ದೆಲ್ಲ ತಮಾಷೆಯ ನಾಣ್ಯಗಳು. ಬೆಕ್ಕುಗಳ ರಾಜ, ಚಂದ್ರನ ಮೇಲಿನ ಪುರಸಭೆ, ಮೀನುಗಳ ಬ್ಯಾಂಕು. ಇಲ್ಲದ ದೇಶದ ನಾಣ್ಯವನ್ನೂ ಆಲ್ಬಮ್ಮಿನಲ್ಲಿಟ್ಟು ಸಂತೋಷಪಡುವ ಸಂಗ್ರಹಕಾರರಿದ್ದಾರೆ ಎಂದು ನಿಮ್ಮಪ್ಪ ಹೇಳಿದಾಗ ನಾನು ನಂಬಿರಲಿಲ್ಲ. ಈಗ ನೀನು ಕೇಳಿರುವುದು ಬೇರೆ ಥರದ್ದು. ಉಪ್ಪಿನ ಊರು ನಿಜವಾಗಿ ಇತ್ತು, ಈಗಲೂ ಇದೆ. ಯುದ್ಧದ ಕಾಲದಲ್ಲಿ ಒಂದು ಬೇಸಿಗೆ ತಾನು ಯಾರ ಕೈಕೆಳಗೂ ಇಲ್ಲವೆಂದು ಸಾರಿಕೊಂಡಿತ್ತು, ತನ್ನದೇ ನಾಣ್ಯಕ್ಕೆ ಚಿತ್ರವನ್ನೂ ಬರೆಸಿತ್ತು, ಅಚ್ಚಾಗುವ ಮೊದಲೇ ಸೈನ್ಯ ಬಂತು. ಅವರು ಮಾಡಲಾಗದೆ ಬಿಟ್ಟದ್ದನ್ನು ನಾನು ಮಾಡುತ್ತಿದ್ದೇನೆ ಎಂಬುದು ನೆನಪಾದಾಗಲೆಲ್ಲ ಕೈ ತಾನಾಗಿಯೇ ನಿಧಾನವಾಗುತ್ತಿತ್ತು.

ಇಲ್ಲದ ನಾಣ್ಯದ ಮೇಲೆ ಹಾಗೆಂದು ಬರೆದಿರಲೇಬೇಕು ಎಂಬ ನಿಮ್ಮಪ್ಪನ ಕಟ್ಟಳೆ ಮರೆತಿಲ್ಲ. ‘ಕಲ್ಪಿತ’ ಎಂಬ ಪದವನ್ನು ಉಪ್ಪಿನ ರಾಶಿಯ ಕೆಳಗೆ, ಕನ್ನಡಕವಿಲ್ಲದೆಯೂ ಕಾಣುವಂತೆ ಹಾಕಿದ್ದೇನೆ. ನೋಡಿ ಬರೆ.

ನಿನ್ನ ಅತ್ತೆ

—

ಜನವರಿ ೨೮

ಪ್ರೀತಿಯ ಅತ್ತೆಗೆ ನಮಸ್ಕಾರ.

ಪೊಟ್ಟಣ ಬಿಚ್ಚಿದವಳು ಅಲ್ಲೇ ನಿಂತುಬಿಟ್ಟೆ. ಅಂಗಡಿಯ ಹಳೆಯ ಗಿರಾಕಿ, ಹಲ್ಲಿನ ಡಾಕ್ಟರು, ನನ್ನ ಕೈಯಿಂದ ಕಿತ್ತುಕೊಂಡು ಭೂತಗನ್ನಡಿ ಹಿಡಿದರು. “ಈ ಹಕ್ಕಿ ಈಗ ಹಾರತ್ತೆ ಕಣ್ರೀ, ಡಬ್ಬಿ ಮುಚ್ಚಿ” ಅಂದರು. ಅದೇ ಉಸಿರಿನಲ್ಲಿ, “ಕೆಳಗಡೆ ಇದೇನ್ರೀ, ಬೆಂಕಿಪೆಟ್ಟಿಗೆ ಲೇಬಲ್ ಥರ?” ಅಂತಲೂ ಕೇಳಿದರು.

ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಆ ಪದವನ್ನು ನಾಣ್ಯದ ಅಂಚಿಗೆ ಹಾಕಲು ಆಗುತ್ತದಾ? ಇರಬೇಕು, ಇಲ್ಲ ಅನ್ನುತ್ತಿಲ್ಲ. ಮುಖದ ಮೇಲೆ ಬೇಡ ಅಷ್ಟೆ. ಹೇಗೂ ಪ್ರತಿ ನಾಣ್ಯದ ಜೊತೆ ‘ಇದು ಕಲ್ಪಿತ ನಾಣ್ಯ, ಇಂಥದ್ದು ಎಂದೂ ಚಲಾವಣೆಯಲ್ಲಿರಲಿಲ್ಲ’ ಎಂದು ಮುದ್ರಿಸಿದ ಚೀಟಿ ಕೊಡುತ್ತೇನೆ. ಒಂದು ನಿಜವಾದ ನಾಣ್ಯ ಇದ್ದರೆ ತಾನೆ ಅದಕ್ಕೆ ನಕಲಿ ಅನ್ನುವುದು ಹುಟ್ಟುವುದು? ಎಂದೂ ಇಲ್ಲದ ನಾಣ್ಯದಿಂದ ಮೋಸ ಹೋಗುವವರು ಯಾರು?

ಇನ್ನೊಂದು ಮಾತು. ಅದು ತೀರಾ ಹೊಸದಾಗಿ ಕಾಣುತ್ತದೆ, ಈಗ ತಾನೆ ಸ್ನಾನ ಮಾಡಿ ಬಂದ ಹಾಗೆ. ನಾಲ್ಕಾರು ಜೇಬುಗಳಲ್ಲಿ ಓಡಾಡಿ ಬಂದಂತೆ ಮಾಡಲಾಗುತ್ತದಾ? ಆ ಊರಿನವರು ನಾಣ್ಯಕ್ಕೆಂದು ಮನೆಯ ಚಮಚಗಳನ್ನು ಕೊಟ್ಟಿದ್ದರಂತೆ. ಅದಕ್ಕೇ ನಾನೂ ಹಳೆಯ ಚಮಚ ಕರಗಿಸಿದ ಬೆಳ್ಳಿಯ ಬಿಲ್ಲೆಗಳನ್ನು ಕಳಿಸಿದ್ದೇನೆ. ಗಿರಾಕಿಗಳಿಗೆ ಇಂಥ ವಿವರ ಅಂದರೆ ಪ್ರಾಣ.

ನಿಮ್ಮ
ಗುಬ್ಬಿ (ಇನ್ನೇನು ಮಾಡಲಿ)

—

ಫೆಬ್ರವರಿ ೧೪

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಓದಿ ಮುಖ ಊದಿಸಿಕೊಂಡು ಕೂತಿದ್ದೆ. ಆಮೇಲೆ ಮಾದರಿಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದೆ. ಆ ಡಾಕ್ಟರು ಹೇಳಿದ್ದು ಸುಳ್ಳಲ್ಲ. ಚೆನ್ನಾಗಿ ಹೊಲಿದ ಅಂಗಿಯ ಎದೆಯ ಮೇಲೆ ಬೆಲೆಯ ಚೀಟಿ ಹಾಗೇ ಉಳಿದಂತೆ ಕಾಣುತ್ತಿತ್ತು. ಅಚ್ಚಿನ ಮುಖವನ್ನು ತೇಯ್ದು ಆ ಭಾಗವನ್ನೆಲ್ಲ ಮತ್ತೆ ಕೊರೆದೆ.

ಅಂಚಿಗೆ ಅಕ್ಷರ ಹಾಕುವುದು ನನಗೂ ಹೊಸದು. ಒತ್ತಿದ ನಾಣ್ಯವನ್ನು ಚರ್ಮದ ತುಂಡುಗಳ ನಡುವೆ ಇಟ್ಟು ವೈಸಿನ ಇಕ್ಕಳದಲ್ಲಿ ಬಿಗಿದು ನೆಟ್ಟಗೆ ನಿಲ್ಲಿಸಬೇಕು. ಅಕ್ಷರ ಕೊರೆದ ಮೊಳೆಯನ್ನು ಮೇಲಿಟ್ಟು ಒಂದೇ ಏಟು. ಜಾಸ್ತಿಯಾದರೆ ನಾಣ್ಯ ಸೊಟ್ಟ, ಕಡಿಮೆಯಾದರೆ ಅಕ್ಷರ ಮೂಡುವುದಿಲ್ಲ. ಯಾರೂ ಹೇಳಿಕೊಡದೆ ಕಲಿತವಳಿಗೆ ಇದೊಂದು ಸುಖ, ಕೆಡಿಸಿದರೂ ಬೈಯುವ ಗುರುವಿಲ್ಲ.

ವಯಸ್ಸು ಮಾಡುವುದಕ್ಕೆ ಒಂದು ಉಪಾಯ ಕಂಡುಕೊಂಡೆ. ಚರ್ಮದ ಚೀಲದಲ್ಲಿ ನಾಣ್ಯ, ಮರದ ಹೊಟ್ಟು, ಜರಡಿ ಹಿಡಿದ ಮರಳು. ಚೀಲವನ್ನು ಹೊಲಿಗೆ ಯಂತ್ರದ ಚಕ್ರಕ್ಕೆ ಕಟ್ಟಿ ತುಳಿಯುವುದು. ತುಳಿಯುತ್ತ ಪೇಪರು ಓದುತ್ತೇನೆ. ಸದ್ದಿಗೆ ಕೆಳಮನೆಯ ಗಡಿಯಾರ ರಿಪೇರಿಯವನು ಮೆಟ್ಟಿಲು ಹತ್ತಿ ಬಂದ.

“ಏನಕ್ಕಾ ಇದು, ಮನೆಯೊಳಗೆ ಗಿರಣಿ ಇಟ್ಟಿದೀರಾ?”

“ಇವಕ್ಕೆ ವಯಸ್ಸು ಮಾಡ್ತಿದೀನಿ ಕಣಯ್ಯ.”

“ಅದಕ್ಕೆ ಇಷ್ಟೊಂದು ತುಳೀಬೇಕಾ? ನಮಗೆಲ್ಲ ಸುಮ್ನೆ ಕೂತಿದ್ರೂ ಆಯ್ತಲ್ಲ!”

ಚೀಲ ಬಿಚ್ಚಿ ನೋಡಿದಾಗ ಹಕ್ಕಿಯ ರೆಕ್ಕೆ ಮೆತ್ತಗಾಗಿತ್ತು. ಯಾರೋ ಅಜ್ಜಿ ಜೇಬಿನಲ್ಲಿಟ್ಟು ದಿನವೂ ಬೆರಳಾಡಿಸಿದ ಹಾಗೆ. ಅಷ್ಟು ಚೆನ್ನಾಗಿ ಬರುತ್ತದೆ ಅಂದುಕೊಂಡಿರಲಿಲ್ಲ.

ಅಂದಹಾಗೆ, ಆ ಊರಿನ ಬಗ್ಗೆ ನೀನು ಕತ್ತರಿಸಿ ಕಳಿಸಿದ ಪತ್ರಿಕೆಯ ಚೂರು ಅರ್ಧಕ್ಕೇ ಹರಿದಿದೆ. ಚಮಚ ಕೊಟ್ಟರು, ಸರಿ. ನಾಣ್ಯ ಆಗಲಿಲ್ಲ, ಅದೂ ಸರಿ. ಹಾಗಾದರೆ ಬೆಳ್ಳಿ ಎಲ್ಲಿ ಹೋಯಿತು?

ನಿನ್ನ ಅತ್ತೆ

—

ಮಾರ್ಚ್ ೩

ಪ್ರೀತಿಯ ಅತ್ತೆಗೆ,

ಸುಳ್ಳು ಹೇಳುತ್ತಿಲ್ಲ, ಇಷ್ಟು ಒಳ್ಳೆಯ ಕೆಲಸ ಅಂಗಡಿಗೆ ಎಂದೂ ಬಂದಿರಲಿಲ್ಲ. ಡಾಕ್ಟರು ನಾಣ್ಯವನ್ನು ಹೆಂಡತಿಗೆ ತೋರಿಸಿ, ಇದು ನಮ್ಮಜ್ಜ ಕೊಟ್ಟದ್ದು ಅಂತ ಸುಳ್ಳು ಹೇಳಿ, ಆಮೇಲೆ ನಕ್ಕರಂತೆ.

ಬೆಳ್ಳಿಯ ಕಥೆ ಕೇಳಿದಿರಲ್ಲ. ಚಮಚ, ಬಳೆ, ಕೋಟಿನ ಗುಂಡಿ, ಸತ್ತವರ ಗಡಿಯಾರದ ಸರಪಳಿ, ಮನೆಮನೆಯಿಂದ ಬಂದದ್ದೆಲ್ಲ ಊರಿನ ಖಜಾಂಚಿಯ ವಶದಲ್ಲಿತ್ತು. ಸೈನ್ಯ ಬಂದ ಮೇಲೆ ಬೆಳ್ಳಿಯೂ ಇಲ್ಲ, ನಾಣ್ಯವೂ ಇಲ್ಲ. ಖಜಾಂಚಿ ಸೆರೆಯಲ್ಲೇ ಸತ್ತ. ಅವನೇ ನುಂಗಿಹಾಕಿದ ಎಂದು ಊರು ತೀರ್ಮಾನ ಮಾಡಿತು. ಅಲ್ಲಿನ ಚೌಕದಲ್ಲಿ ಆ ಬೇಸಿಗೆಯ ಸಮಿತಿಯವರ ಹೆಸರು ಕೆತ್ತಿದ ಕಲ್ಲಿದೆಯಂತೆ. ಅವನ ಹೆಸರನ್ನು ಉಳಿಯಿಂದ ಹೊಡೆದು ತೆಗೆದಿದ್ದಾರಂತೆ. ಇಷ್ಟು ಹೇಳಿದರೆ ಸಾಕು, ಗಿರಾಕಿಗಳು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ನಿವೃತ್ತರಾದ ಒಬ್ಬ ಹೊಲಿಗೆ ಟೀಚರ್ ಒಂದನ್ನು ತೆಗೆದುಕೊಂಡು ಸರಕ್ಕೆ ಪದಕ ಮಾಡಿಸಿಕೊಂಡರು. ಅಂಗಡಿಯಲ್ಲೇ ಅತ್ತರು. ಯಾರು ಯಾವುದಕ್ಕೆ ಅಳುತ್ತಾರೆ ಅಂತ ಹೇಳಲಿಕ್ಕಾಗುವುದಿಲ್ಲ.

ಇನ್ನಷ್ಟು ಬೇಕು. ಇನ್ನೂ ಸ್ವಲ್ಪ ಸವೆದರೂ ನಡೆಯುತ್ತದೆ.

ನಿಮ್ಮ ಗುಬ್ಬಿ

—

ಮಾರ್ಚ್ ೨೦

ಪ್ರೀತಿಯ ಗುಬ್ಬಿ,

ಆ ಹೊಲಿಗೆ ಟೀಚರ್ ಅತ್ತರು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ನಗಬೇಡ. ಗುಂಡಿ ನೋಡಿ ಯಾರು ಅಳುತ್ತಾರೆ? ಸಾಬೂನು ಕಣ್ಣಿಗೆ ಹೋದರೆ ಅತ್ತಾರು, ಅಷ್ಟೆ. ನನ್ನ ಕೈಕೆಲಸ ನೋಡಿ ಒಬ್ಬರ ಕಣ್ಣಲ್ಲಿ ನೀರು ಬಂತು ಎಂಬುದನ್ನು ಗಡಿಯಾರದವನಿಗೂ ಹೇಳಿದೆ, ಹಾಲಿನವಳಿಗೂ ಹೇಳಿದೆ. “ಅವರಿಗೆ ಕಣ್ಣು ನೋವಿತ್ತೇನೋ ಅಕ್ಕ” ಅಂದ ಅವನು. ಹೊಟ್ಟೆಕಿಚ್ಚು.

ಈ ಸಲದವನ್ನು ಇನ್ನೂ ನಿಧಾನವಾಗಿ, ಇನ್ನೂ ನಯವಾದ ಮರಳಿನಲ್ಲಿ ಹೊರಳಿಸಿದ್ದೇನೆ. ಕಣ್ಣು ಮುಚ್ಚಿ ಕೈಯಲ್ಲಿ ಹಿಡಿದರೆ ಇದಕ್ಕೆ ನಮಗಿಂತ ವಯಸ್ಸಾಗಿದೆ ಅನ್ನಬೇಕು.

ಆ ಕಲ್ಲಿನ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಹೆಸರು ತೆಗೆಯುವುದು ಕೆತ್ತುವುದಕ್ಕಿಂತ ಕಷ್ಟ. ಎಷ್ಟೇ ನಯ ಮಾಡಿದರೂ ತಗ್ಗು ಉಳಿಯುತ್ತದೆ. ಉಳಿದ ಹೆಸರುಗಳನ್ನು ಬಿಟ್ಟು ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆ ಖಜಾಂಚಿಗೆ ಮಕ್ಕಳುಮರಿ ಇದ್ದರೇನೋ, ಪಾಪ.

ಟೀಚರಿಗೆ ನನ್ನ ನಮಸ್ಕಾರ ಹೇಳು. ಪದಕ ಮಾಡಿಸುವಾಗ ಅಂಚು ಮುಚ್ಚಿಹೋಗದ ಹಾಗೆ ಕೂರಿಸಿದ್ದಾರೆ ತಾನೆ?

ನಿನ್ನ ಅತ್ತೆ

—

ಏಪ್ರಿಲ್ ೧೬

ಗುಬ್ಬಿ,

ಪೊಟ್ಟಣ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಅಂಚೆಯವನನ್ನು ಕೇಳಿ ಕೇಳಿ ಅವನು ಈಗ ನನ್ನನ್ನು ಕಂಡರೆ ಆಚೆ ಪಕ್ಕದ ಫುಟ್‌ಪಾತಿಗೆ ಹೋಗುತ್ತಾನೆ. ಮೈಯಲ್ಲಿ ಹುಷಾರಿದ್ದೀಯಾ? ಎರಡು ಸಾಲು ಬರೆ.

ಅತ್ತೆ

—

ಮೇ ೨

ಪ್ರೀತಿಯ ಅತ್ತೆಗೆ,

ಪೊಟ್ಟಣ ಯಾವತ್ತೋ ತಲುಪಿತು. ಬಿಚ್ಚಿಲ್ಲ.

ಹೇಗೆ ಶುರು ಮಾಡಬೇಕೋ ಗೊತ್ತಾಗದೆ ಇಷ್ಟು ದಿನ ಬರೆಯಲಿಲ್ಲ. ಆ ಹೊಲಿಗೆ ಟೀಚರ್ ಖಜಾಂಚಿಯ ಮೊಮ್ಮಗಳು. ಇದು ನನಗೆ ಅವರು ಅತ್ತ ದಿನವೇ ಗೊತ್ತಿತ್ತು.

ಕಿಟಕಿಯಲ್ಲಿ ನಾಣ್ಯ ನೋಡಿ ಒಳಗೆ ಬಂದರು. “ಇದು ಉಪ್ಪಿನ ಊರಿಂದಾ?” ಅಂದರು. ನಾನು “ಹೌದು, ಆ ಊರಿಂದೇ” ಅಂದೆ. ಎಲ್ಲ ಗಿರಾಕಿಗಳಿಗೂ ಮೊದಲು ಹಾಗೇ ಹೇಳಿ, ಆಮೇಲೆ ಚೀಟಿ ಕೊಡುವುದು ನನ್ನ ಅಭ್ಯಾಸ. ಅವರು ನಾಣ್ಯ ಕೈಗೆ ತೆಗೆದುಕೊಂಡು ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತರು.

“ಹಾಗಾದ್ರೆ ಅಚ್ಚಾಗಿತ್ತು. ನಮ್ಮಜ್ಜ ಅಚ್ಚು ಹಾಕ್ಸಿದ್ರು. ನೋಡಮ್ಮಾ, ಎಷ್ಟು ಸವೆದಿದೆ! ಜನ ಬಳಸಿದಾರೆ ಇದನ್ನ.”

ಚೀಟಿ ಡ್ರಾಯರಿನಲ್ಲಿತ್ತು ಅತ್ತೆ. ಡ್ರಾಯರು ಎಳೆದೂ ಇದ್ದೆ. ಅವರ ಅಮ್ಮ ಕಳ್ಳನ ಮಗಳು ಅನ್ನಿಸಿಕೊಂಡೇ ಸತ್ತದ್ದನ್ನು ಹೇಳುತ್ತಿದ್ದರು. ನಾನು ಡ್ರಾಯರು ಮುಚ್ಚಿದೆ. ಅಂಚು ಮುಚ್ಚುವ ಹಾಗೆ ಪದಕ ಕೂರಿಸಿ ಅಂತ ಅಕ್ಕಸಾಲಿಗನಿಗೆ ಹೇಳಿದವಳೂ ನಾನೇ.

ಅವರು ಅಲ್ಲಿಗೇ ಸುಮ್ಮನಾಗುತ್ತಾರೆ ಅಂದುಕೊಂಡೆ. ಸುಮ್ಮನಾಗಲಿಲ್ಲ. ಆ ಊರಿನ ಪುರಸಭೆಗೆ ಬರೆದಿದ್ದಾರೆ. ಜೂನ್ ಕೊನೆಯ ಭಾನುವಾರ ಚೌಕದಲ್ಲಿ ಆ ಬೇಸಿಗೆಯ ನೆನಪಿನ ಸಭೆಯಂತೆ. ನಾಣ್ಯ ತನ್ನಿ, ಎಲ್ಲರ ಮುಂದೆ ತೋರಿಸಿ, ಕಲ್ಲಿನ ಮೇಲೆ ಅಜ್ಜನ ಹೆಸರು ಮತ್ತೆ ಕೆತ್ತಿಸುವ ಬಗ್ಗೆ ಅಲ್ಲೇ ತೀರ್ಮಾನ ಮಾಡೋಣ ಎಂದು ಉತ್ತರ ಬಂದಿದೆ.

ನನ್ನ ಹತ್ತಿರ ಉಳಿದ ನಾಣ್ಯಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದರಲ್ಲೂ ಪದ ಓದಲಾಗುವುದಿಲ್ಲ. ಅಲ್ಲೊಂದು ಚುಕ್ಕೆ, ಇಲ್ಲೊಂದು ಗೀರು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಮಾರಿದ್ದನ್ನೆಲ್ಲ ಏನೋ ನೆಪ ಹೇಳಿ ವಾಪಸು ಪಡೆಯುತ್ತಿದ್ದೇನೆ. ನೀವು ಅಚ್ಚನ್ನು ಒಡೆದುಹಾಕಿ ಅತ್ತೆ. ಅವರ ಕೊರಳಲ್ಲಿರುವುದು ಒಂದೇ ಒಂದು ಉಳಿದರೆ ಹೋಲಿಸಿ ನೋಡಲು ಯಾರಿಗೂ ಇನ್ನೊಂದು ಸಿಗುವುದಿಲ್ಲ.

ನಿಮ್ಮ ಗುಬ್ಬಿ

—

ಮೇ ೬

ಗುಬ್ಬಿ,

ನಿನ್ನ ಪತ್ರ ಬಂದಾಗಿನಿಂದ ನನ್ನ ಬಳಿ ಉಳಿದ ನಾಣ್ಯಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ನೀನು ಹೇಳಿದ್ದು ನಿಜ. ಪದ ಇಲ್ಲ.

ಜೇಬಿನಲ್ಲಾಗಲಿ ಚೀಲದಲ್ಲಾಗಲಿ ಮೊದಲು ಸವೆಯುವುದು ಅಂಚು. ಗುಂಡಿಗೂ ಹಾಗೇ, ಸಾಬೂನಿಗೂ ಹಾಗೇ. ಇದು ನನಗೆ ಗೊತ್ತಿರಲಿಲ್ಲ ಅಂತ ಯಾರ ಮುಂದೆ ಹೇಳಲಿ? ಅಂಚಿನಲ್ಲಿ ಅಕ್ಷರ ಹೊಡೆದೆ, ಆಮೇಲೆ ಮರಳಿನಲ್ಲಿ ಹಾಕಿ ತುಳಿದೆ, ಹಕ್ಕಿಯ ರೆಕ್ಕೆ ಮೆತ್ತಗಾಯಿತಾ ಅಂತ ಮುಖ ನೋಡಿದೆ. ಅಂಚು ತಿರುಗಿಸಿ ನೋಡಲೇ ಇಲ್ಲ. ಬೇಕಂತಲೇ ನೋಡಲಿಲ್ಲವಾ ಅಂತ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಮೇಲಿಂದ, ಆ ಟೀಚರ್ ತಮ್ಮ ಅಜ್ಜನಿಗಾಗಿ ಅತ್ತದ್ದನ್ನು ನನ್ನ ಕೈಚಳಕಕ್ಕೆ ಬಿದ್ದ ಚಪ್ಪಾಳೆ ಅಂದುಕೊಂಡು ಬೀದಿಗೆಲ್ಲ ಸಾರಿದೆ.

ಬೆಕ್ಕುಗಳ ರಾಜನಿಗೆ ಮೊಮ್ಮಗಳಿರಲಿಲ್ಲ ಗುಬ್ಬಿ. ಆ ನಾಣ್ಯ ಯಾರ ಕೈಗೆ ಹೋದರೂ ನಗು ಬಿಟ್ಟರೆ ಇನ್ನೇನೂ ಆಗುತ್ತಿರಲಿಲ್ಲ. ಎಂದೂ ಇಲ್ಲದ ನಾಣ್ಯದಿಂದ ಮೋಸ ಹೋಗುವವರು ಯಾರು ಅಂತ ಕೇಳಿದ್ದೆಯಲ್ಲ. ಅದು ಇರಬೇಕಿತ್ತು ಅಂತ ಜೀವಮಾನವಿಡೀ ಕಾದವರು ಹೋಗುತ್ತಾರೆ.

ಸ್ವಲ್ಪ ಯೋಚಿಸು. ಸಭೆಯಲ್ಲಿ ಯಾರಾದರೂ ತಿಳಿದವರು ಪದಕ ಬಿಚ್ಚಿಸಿ ನೋಡುತ್ತಾರೆ. ನೋಡದೆ ಬಿಡುತ್ತಾರಾ, ಕಲ್ಲಿನ ಮೇಲೆ ಹೆಸರು ಕೆತ್ತುವ ವಿಷಯ. ಆಮೇಲೆ ಆ ಊರು ಏನು ಹೇಳುತ್ತದೆ? ಅಜ್ಜ ಬೆಳ್ಳಿ ನುಂಗಿದ, ಮೊಮ್ಮಗಳು ಕಳ್ಳನಾಣ್ಯ ಹಿಡಿದುಕೊಂಡು ಬಂದಳು ಅನ್ನುತ್ತದೆ. ಅದನ್ನು ಅವರು ಒಬ್ಬರೇ ನಿಂತು ಕೇಳಬೇಕು. ಯಾರೂ ಕಂಡುಹಿಡಿಯಲಿಲ್ಲ ಅಂತಲೇ ಇಟ್ಟುಕೋ. ಚಮಚ ಕೊಟ್ಟ ಮನೆಗಳಿಗೂ ಮೊಮ್ಮಕ್ಕಳಿದ್ದಾರೆ. ನನ್ನ ಮರಳಿನ ಚೀಲದ ಸಾಕ್ಷಿ ನಂಬಿ ಅವರು ತಲೆದೂಗಬೇಕಾ?

ಅಚ್ಚು ಒಡೆಯುವುದಿಲ್ಲ. ಬೇರೆ ಹೊತ್ತಿನಲ್ಲಾಗಿದ್ದರೆ ನೀನು ಹೇಳುವ ಮೊದಲೇ ಅದರ ಮುಖಕ್ಕೆ ಉಳಿ ಇಟ್ಟು ಅಡ್ಡಗೀರು ಹಾಕುತ್ತಿದ್ದೆ. ಈಗ ಈ ನಾಣ್ಯ ಎಲ್ಲಿ ಹುಟ್ಟಿತು ಅಂತ ಹೇಳುವುದಕ್ಕೆ ಇರುವುದು ಅದೊಂದೇ.

ನೀನು ಅವರ ಮನೆಗೆ ಹೋಗು. ಚೀಟಿ ಕೊಡು. ನನ್ನನ್ನು ಎಷ್ಟು ಬೇಕಾದರೂ ಬೈ, ಮೊದಲು ಅವರ ಮನೆಗೆ ಹೋಗು.

ಅತ್ತೆ

—

ಮೇ ೧೯

ಅತ್ತೆ,

ಹೋಗಿದ್ದೆ. ಅವರ ಬೀದಿಯ ತುದಿಯವರೆಗೆ. ಬೇಕರಿಯ ಮುಂದೆ ನಿಂತೆ, ಬ್ರೆಡ್ಡು ತೆಗೆದುಕೊಂಡೆ, ವಾಪಸು ಬಂದೆ. ಮನೆಯಲ್ಲಿ ಆಗಲೇ ಬ್ರೆಡ್ಡಿತ್ತು.

ನಿಮಗೆ ಹೇಳುವುದು ಸುಲಭ. ನೀವು ಕಿಟಕಿಯ ಪಕ್ಕ ಕೂತು ಲೋಹದ ಮುಖ ನೋಡುತ್ತೀರಿ. ನಾನು ಜನರ ಮುಖ ನೋಡಬೇಕು. ಅವರು ವಾರಕ್ಕೊಮ್ಮೆ ಅಂಗಡಿಗೆ ಬರುತ್ತಾರೆ. ನನ್ನ ಕೋಟಿನ ಒಳಬಟ್ಟೆ ಹರಿದದ್ದನ್ನು ನೋಡಿ, ಅಲ್ಲೇ ಬಿಚ್ಚಿಸಿ, ಕೂತು ಹೊಲಿದುಕೊಟ್ಟರು. “ನಿನ್ನ ಕೈ ಒಳ್ಳೇದು ಕ​ಣಮ್ಮ, ಎಷ್ಟು ವರ್ಷದಿಂದ ಯಾರ ಕೈಗೂ ಸಿಗ್ದಿದ್ದು ನಿನ್ನ ಕೈಗೆ ಸಿಕ್ತು” ಅಂತಾರೆ. ಆ ಕೋಟು ಈಗ ಹಾಕಿಕೊಳ್ಳಲಾಗುತ್ತಿಲ್ಲ.

ಇನ್ನೊಂದು ಮಾತು ಕೇಳುತ್ತೇನೆ. ಆ ಮನುಷ್ಯ ಕದ್ದ ಅಂತ ಯಾರು ಕಂಡಿದ್ದಾರೆ? ಸೈನಿಕರೇ ಹೊತ್ತುಕೊಂಡು ಹೋಗಿರಬಹುದು. ಪುರಾವೆಯಿಲ್ಲದೆ ಹೆಸರು ಹೊಡೆದುಹಾಕಿದರಲ್ಲ, ಸುಳ್ಳು ಪುರಾವೆಯಿಂದ ವಾಪಸು ಬಂದರೆ ಏನು ಮುಳುಗಿಹೋಗುತ್ತದೆ? ಒಬ್ಬ ಮುದುಕಿ ನೆಮ್ಮದಿಯಾಗಿ ಸಾಯುತ್ತಾಳೆ.

ಊರಿಗೆಲ್ಲ ಗೊತ್ತಾದರೆ ಅಪ್ಪನ ಹೆಸರಿನ ಬೋರ್ಡು ಇಳಿಸಬೇಕಾಗುತ್ತದೆ, ಅದೂ ಇದೆ. ಅದೊಂದೇ ಅಲ್ಲ, ಆದರೆ ಅದೂ ಇದೆ.

ನನಗೆ ಆಗುವುದಿಲ್ಲ ಅತ್ತೆ.

—

ಮೇ ೨೩

ಗುಬ್ಬಿ,

ಆ ಖಜಾಂಚಿ ಕದ್ದನೋ ಇಲ್ಲವೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಳುತ್ತಿರುವುದು ನಾನು ಮಾಡಿದ ನಾಣ್ಯ ಒಂದೇ.

ಅವರ ವಿಳಾಸ ಕಳಿಸು. ನಾನೇ ಹೋಗುತ್ತೇನೆ. ಬೈದು ಬರೆದಿದ್ದೀಯ ಅಂತ ನನಗೆ ಸಿಟ್ಟಿಲ್ಲ. ಊಟ ಸರಿಯಾಗಿ ಮಾಡು.

ಅತ್ತೆ

—

ಮೇ ೨೯

ಅತ್ತೆ,

ವಿಳಾಸ ಈ ಹಾಳೆಯ ಹಿಂದಿದೆ. ನೀಲಿ ಬಾಗಿಲು, ಎರಡನೇ ಮಹಡಿ.

ಡ್ರಾಯರಿನಲ್ಲಿ ಚೀಟಿ ಇತ್ತು ಎಂಬುದನ್ನು ಮಾತ್ರ ಹೇಳಬೇಡಿ. ಮರೆತೆ ಅಂತ ಹೇಳಿ. ದಯವಿಟ್ಟು.

—

ಜೂನ್ ೭

ಪ್ರೀತಿಯ ಗುಬ್ಬಿ,

ಹೋಗಿ ಬಂದೆ. ರೈಲಿನಲ್ಲಿ ಅಚ್ಚನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಪಕ್ಕದವಳು ಊಟದ ಡಬ್ಬಿ ಅಂದುಕೊಂಡು, “ಬಿಸಿ ಇದ್ದಾಗಲೇ ತಿಂದ್ಬಿಡಿ ಅಮ್ಮ” ಅಂದಳು.

ಅವರು ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದರು. “ಗುಂಡಿ ಮಾಡೋ ಅತ್ತೆ ಅಲ್ವಾ? ಹುಡುಗಿ ನಿಮ್ಮ ವಿಷ್ಯನೇ ಹೇಳ್ತಿರ್ತಾಳೆ. ಮೂಗು ನೋಡಿ, ಒಂದೇ ಅಚ್ಚು!” ಅಂದರು. ಒಳಗೆ ಕರೆದು ಚಹಾ ಕೊಟ್ಟರು. ಸಣ್ಣ ಕೋಣೆ. ಹೊಲಿಗೆ ಯಂತ್ರದ ಮೇಲೆ ಮಡಿಸಿದ ಬಟ್ಟೆ, ಗೋಡೆಗೆ ಅಳತೆಯ ಪಟ್ಟಿಗಳು. ಮೂಲೆಯಲ್ಲಿ ಮರದ ಬೊಂಬೆಗೆ ಬೂದುಬಣ್ಣದ ಹೊಸ ಕೋಟು ತೊಡಿಸಿದ್ದರು, ಆ ಭಾನುವಾರಕ್ಕೆಂದು ಹೊಲಿದದ್ದು. ಕಾಲರಿನ ಹೊಲಿಗೆ ಎಷ್ಟು ಸಣ್ಣದೆಂದರೆ ನಾನು ಬಂದ ಕೆಲಸ ಮರೆತು ಅದನ್ನೇ ನೋಡುತ್ತ ನಿಂತೆ. ನಾಣ್ಯ ಆ ಬೊಂಬೆಯ ಕೊರಳಲ್ಲಿತ್ತು.

ಹೇಳುವ ಬದಲು ತೋರಿಸಿಬಿಡೋಣ ಅಂದುಕೊಂಡೆ. ಒಂದು ಸಾಬೂನು ಕೇಳಿದೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಅಚ್ಚು ಬಿಚ್ಚಿ, ಅದರ ಮೇಲೆ ಒತ್ತಿ ಎತ್ತಿದೆ. ಉಪ್ಪಿನ ರಾಶಿಯೂ ಹಕ್ಕಿಯೂ ಮೂಡಿದವು. ಅವರು ಬೊಂಬೆಯ ಕೊರಳಿನಿಂದ ನಾಣ್ಯ ಬಿಚ್ಚಿ ತಂದು ಪಕ್ಕದಲ್ಲಿಟ್ಟರು. ಹೊಲಿಗೆಯವರ ಕಣ್ಣು, ಭೂತಗನ್ನಡಿ ಬೇಕಾಗಲಿಲ್ಲ.

“ಯಾವಾಗ ಮಾಡಿದ್ರಿ?”

“ಈ ಚಳಿಗಾಲ.”

“ಅದಕ್ಕೆ ಮೊದ್ಲು?”

“ಚಿತ್ರ ಇತ್ತು. ನಾಣ್ಯ ಇರ್ಲಿಲ್ಲ.”

“ಸವೆದಿರೋದು?”

“ನಾನೇ ಸವೆಸಿದ್ದು.”

ಬೈಯುತ್ತಾರೆ, ಅಳುತ್ತಾರೆ, ಹೊರಗೆ ಹಾಕುತ್ತಾರೆ, ಎಲ್ಲದಕ್ಕೂ ನಾನು ತಯಾರಾಗಿ ಹೋಗಿದ್ದೆ. ಅವರು ಒಂದನ್ನೂ ಮಾಡಲಿಲ್ಲ. ಸಾಬೂನಿನ ಚೂರುಗಳನ್ನು ಮೇಜಿನಿಂದ ಅಂಗೈಗೆ ಗುಡಿಸಿಕೊಂಡು, ಎಲ್ಲಿ ಹಾಕಬೇಕೋ ತಿಳಿಯದೆ ಹಿಡಿದುಕೊಂಡೇ ಮಾತಾಡಿದರು. ಅವರಾಡಿದ್ದನ್ನು ಆಡಿದಂತೆಯೇ ಬರೆಯುತ್ತೇನೆ.

“ನಮ್ಮಜ್ಜ ಕಳ್ಳ ಅಲ್ಲ ಅಂತ ಚಿಕ್ಕಂದಿನಿಂದ ನಂಬ್ಕೊಂಡೇ ಬಂದೆ. ಪುರಾವೆ ಎಲ್ಲಿ ಅಂದೋರ ಮುಖದ ಮೇಲೆ ಬಾಗ್ಲು ಹಾಕ್ತಿದ್ದೆ. ನಂಗೆ ಬೇಕಿರ್ಲಿಲ್ಲ ಪುರಾವೆ. ಇದು ಸಿಕ್ತಲ್ಲ, ಆಗ ಅನ್ನಿಸ್ತು, ಸದ್ಯ, ಇನ್ಮೇಲೆ ನಂಬೋ ಕೆಲ್ಸ ನಂದಲ್ಲ, ಇದೇ ನೋಡ್ಕೊಳತ್ತೆ ಅಂತ. ಇಷ್ಟು ದಿನ ಎಷ್ಟು ಹಗುರವಾಗಿದ್ದೆ ಗೊತ್ತಾ? ಈಗ ವಾಪಸ್ ತಗೊಂಡ್ರಿ. ಸರಿ, ತಗೊಳ್ಳಿ. ಆದ್ರೆ ಮೊದ್ಲಿನ ನಂಬಿಕೆ ಎಲ್ಲಿಟ್ಟೆ ಅಂತ ಹುಡುಕಿದ್ರೆ ಅದೂ ಸಿಗ್ತಾ ಇಲ್ಲ.”

ಆಮೇಲೆ ತುಂಬ ಮೆಲ್ಲಗೆ, “ಹಾಗಾದ್ರೆ ಬೆಳ್ಳಿ ಎಲ್ಲಿ ಹೋಯ್ತು?” ಅಂದರು.

ಅದು ಊರಿನವರ ಪ್ರಶ್ನೆ. ಅವರ ಬಾಯಿಂದ ಎಂದೂ ಬಂದಿರಲಿಲ್ಲ. ಬಂತು ಅಂತ ಅವರಿಗೇ ಗೊತ್ತಾಗಿ, ಆ ಸಾಬೂನಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದರು.

ನೀನು ಸುಳ್ಳು ಬಿಟ್ಟುಕೊಡಲಾರದೆ ಒದ್ದಾಡಿದೆ, ನಾನು ಸತ್ಯ ಹೇಳಿ ಮುಗಿಸಿದರೆ ಸರಿಹೋಗುತ್ತದೆ ಅಂದುಕೊಂಡೆ. ಅವರ ಹತ್ತಿರ ಮೊದಲೇ ಇದ್ದ ಒಂದು ವಸ್ತುವನ್ನು ನಾವಿಬ್ಬರೂ ಸೇರಿ ಕಳೆದುಹಾಕಿದ್ದೇವೆ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಅದನ್ನು ಮತ್ತೆ ಮಾಡಿಕೊಡುವುದು ನನ್ನ ಕೈಯಲ್ಲಿ ಆಗುವುದಿಲ್ಲ.

ಪುರಸಭೆಗೆ ಅವರೇ ಬರೆಯುತ್ತಾರಂತೆ, ನಾಣ್ಯ ಈಗಿನದು, ತಾನು ಬರುವುದಿಲ್ಲ ಅಂತ. ಮಾಡಿದವಳು ನಾನು ಅಂತ ನನ್ನ ಹೆಸರನ್ನೂ ಹಾಕಿ ಅಂದೆ. ಹೂಂ ಅಂದರು. ಅಚ್ಚನ್ನು ಕೇಳಿ ಇಟ್ಟುಕೊಂಡರು. “ಇನ್ಯಾರಿಗೂ ಮಾಡ್ಕೊಡೋದು ಬೇಡ” ಅಂದರು. ನೀನು ವಾಪಸು ಪಡೆದವನ್ನೆಲ್ಲ ನನಗೆ ಕಳಿಸು, ಕರಗಿಸುತ್ತೇನೆ. ಇನ್ನೂ ವಾಪಸು ಕೊಡದವರಿಗೆ ನೆಪ ಹೇಳಬೇಡ, ಇದ್ದದ್ದು ಇದ್ದ ಹಾಗೆ ಬರೆ. ಇನ್ನು ಮುಂದೆ ನನ್ನಿಂದ ನಾಣ್ಯ ಕೇಳಬೇಡ, ಬೆಕ್ಕಿನದೂ ಬೇಡ.

ಚೀಟಿಯ ವಿಷಯ ಅವರು ಕೇಳಲಿಲ್ಲ. ನೀನು ಬೇಡ ಅಂದೆ ಅಂತ ನಾನೂ ಹೇಳಲಿಲ್ಲ. ಮರೆತಳು ಅಂತ ಸುಳ್ಳೂ ಹೇಳಲಿಲ್ಲ. ಮೆಟ್ಟಿಲ ಹತ್ತಿರ ಬಂದಾಗ, “ಹುಡುಗಿಗೂ ಗೊತ್ತಿರ್ಲಿಲ್ಲ ಅಲ್ವಾ?” ಅಂದರು. ನಾನು ಮೆಟ್ಟಿಲ ಕಂಬಿ ಹುಡುಕುವವಳ ಹಾಗೆ ತಲೆ ತಗ್ಗಿಸಿ ಇಳಿದುಬಿಟ್ಟೆ. ಇನ್ನೂ ಕಾಯುತ್ತಿದ್ದಾರೆ ಆ ಉತ್ತರಕ್ಕೆ. ಅದು ನಿನ್ನದು ಗುಬ್ಬಿ, ನಾನು ಕೊಟ್ಟರೆ ಸಲ್ಲುವುದಿಲ್ಲ.

ಬೆಳಗಿನ ಹೊತ್ತು ಮನೆಯಲ್ಲೇ ಇರುತ್ತಾರೆ. ಬಾಗಿಲು ತಟ್ಟಿದ ಮೇಲೆ ಸ್ವಲ್ಪ ಕಾಯಬೇಕು. ಯಂತ್ರದಿಂದ ಎದ್ದು ಬರುವುದಕ್ಕೆ ಅವರಿಗೆ ಹೊತ್ತಾಗುತ್ತದೆ.

ನಿನ್ನ ಅತ್ತೆ